ಹಿರಿಯರ ವಸತಿ ಸಮುಚ್ಚಯದಲ್ಲಿ ಮನೆ ಕೊಂಡು ಬಾಡಿಗೆಗೆ ಬಿಡೋದು: ಹಾಸನ, ಚಿಕ್ಕಮಗಳೂರು ಕಡೆಯ ಲೆಕ್ಕಾಚಾರ ಹೇಗೆ?

ಸಾಲಗಾಮೆ_ರಸ್ತೆ
ಎಲ್ಲರಿಗೂ ನಮಸ್ಕಾರ. ಹಿರಿಯ ನಾಗರಿಕರಿಗೆ ಅಂತಲೇ ಕಟ್ಟಿರೋ ಎರಡು ಕಡೆ ಮನೆ ನೋಡಿದ್ದೇವೆ. ಒಂದು ಹಾಸನದ ಹೊರಗೆ, ಪಂಚಾಯಿತಿ ವ್ಯಾಪ್ತಿ. ಇನ್ನೊಂದು ಚಿಕ್ಕಮಗಳೂರಿನಿಂದ ಕಡೂರು ರಸ್ತೆಯಲ್ಲಿ. ಎರಡೂ ಕಡೆ ಒಂದು ಬೆಡ್‌ರೂಮಿನ ಮನೆ, ಒಟ್ಟಿಗೆ ಊಟದ ಹಾಲ್, ನರ್ಸ್, ತುರ್ತು ಕರೆಗಂಟೆ. ಈಗ ಕೊಂಡು ಆರೇಳು ವರ್ಷ ಬಾಡಿಗೆಗೆ ಬಿಟ್ಟು, ಆಮೇಲೆ ನಾವೇ ಹೋಗಿ ಇರೋ ಯೋಚನೆ. ಬಾಡಿಗೆ ನಿಜಕ್ಕೂ ಗಿಟ್ಟುತ್ತಾ? ಕಾಗದಪತ್ರದಲ್ಲಿ ಏನೇನು ನೋಡಬೇಕು? ವಯಸ್ಸಾದವರ ಜೊತೆ ಕರಾರು ಹೇಗೆ ಬರೀಬೇಕು? ಮಳೆಗಾಲದಲ್ಲಿ ಮನೆ ಖಾಲಿ ಬಿದ್ದರೆ ಏನು ಗತಿ? ಗೊತ್ತಿರೋರು ಬಿಡಿಸಿ ಹೇಳಿ.

ಅಂಕಿಸಂಖ್ಯೆ
ಮೊದಲು ದುಡ್ಡಿನ ಮಾತು. ಲೆಕ್ಕಕ್ಕೆ ಅಂತ ಮನೆ 45 ಲಕ್ಷ, ಬಾಡಿಗೆ 14,000, ನಿರ್ವಹಣಾ ಶುಲ್ಕ 4,000 ಅಂತ ಇಟ್ಕೊಳ್ಳಿ. ಜನ ಇದ್ದಾಗ ಶುಲ್ಕ ಬಾಡಿಗೆದಾರರದ್ದು, ಖಾಲಿ ಇದ್ದಾಗ ನಿಮ್ಮದು. ವರ್ಷದಲ್ಲಿ ಎರಡು ತಿಂಗಳು ಖಾಲಿ ಅಂದರೆ ಬಾಡಿಗೆ 1,40,000. ಅದರಲ್ಲಿ ಖಾಲಿ ತಿಂಗಳ ಶುಲ್ಕ 8,000, ಕಂದಾಯ 4,000, ಬಣ್ಣ-ರಿಪೇರಿ 15,000 ಕಳೀರಿ. ಉಳಿಯೋದು 1,13,000. ಹಾಕಿದ ದುಡ್ಡಿಗೆ ನೂರಕ್ಕೆ ಎರಡೂವರೆ ರೂಪಾಯಿ. ನೋಂದಣಿ ಖರ್ಚು ಇದರಲ್ಲಿ ಸೇರಿಲ್ಲ.

ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ಇಟ್ಟರೆ, ಈಚಿನ ದರ ಶೇ. 8.2ರಂತೆ ಮೂರು ತಿಂಗಳಿಗೊಮ್ಮೆ 61,500 ಬರುತ್ತೆ. ಬರೀ ಆದಾಯಕ್ಕೆ ಅಂತ ಈ ಮನೆ ಕೊಳ್ಳಬೇಡಿ.

ಹಿರೇಕೊಳಲೆ_ಗಾಳಿ
ಬ್ಯಾಂಕ್ ಬಡ್ಡಿ ಜೊತೆ ತೂಗಿದರೆ ಈ ಊರಲ್ಲಿ ಯಾವ ಮನೇನೂ ಗಿಟ್ಟಲ್ಲ ಸಾರ್. ಇವರು ಕೊಳ್ಳೋದು ಮುಂದೆ ತಾವು ಇರೋಕೆ. ಜಾಗದ ಬೆಲೆ ಏರೋದನ್ನ ಲೆಕ್ಕಕ್ಕೆ ಹಿಡಿಯಲ್ವಾ?

ಅಂಕಿಸಂಖ್ಯೆ
ಹಿಡೀಬಹುದು, ಆದರೆ ಸೈಟಿನ ಹಾಗೆ ಅಲ್ಲ. ಇಂಥ ಕಡೆ ಮರುಮಾರಾಟಕ್ಕೂ ವಯಸ್ಸಿನ ನಿಬಂಧನೆ ಇರುತ್ತೆ. ಕೊಳ್ಳೋರು ಯಾರಾದರೂ ಆಗಲಿ, ವಾಸ ಇರೋರು 55 ಅಥವಾ 60 ದಾಟಿರಬೇಕು. ಹಾಗಾಗಿ ಗಿರಾಕಿಗಳು ಕಡಿಮೆ. ಮೇಲೆ ಕೆಲವು ಕಡೆ ವರ್ಗಾವಣೆ ಶುಲ್ಕ ಅಂತ ಮಾರಿದ ಬೆಲೆಯಲ್ಲಿ ಇಷ್ಟು ಪಾಲು ಸಂಸ್ಥೆಗೆ ಕೊಡಬೇಕು ಅಂತ ಬರೆದಿರ್ತಾರೆ. ಅದನ್ನ ಕೊಳ್ಳೋ ಮುಂಚೆ ಓದಬೇಕು.

ಕರಾರು_ಓದಿ
ಅದೇ ನನ್ನ ಮಾತು. ಎಲ್ಲರೂ ಕ್ರಯಪತ್ರದ ಮೇಲೆ ಕಣ್ಣಿಡ್ತಾರೆ. ಹಿರಿಯರ ಸಮುಚ್ಚಯದಲ್ಲಿ ಮನೆಗೆ ಬೆಲೆ ಬರೋದು ಸೇವಾ ಒಪ್ಪಂದದಿಂದ. ನರ್ಸ್ ಹೋದರೆ, ಅಡುಗೆಮನೆ ಮುಚ್ಚಿದರೆ ಉಳಿಯೋದು ಊರಾಚೆಯ ಒಂದು ಚಿಕ್ಕ ಫ್ಲಾಟ್. ಅದಕ್ಕೆ ಬಾಡಿಗೆನೂ ಇಲ್ಲ, ಬೆಲೆನೂ ಇಲ್ಲ.

ಹಾಗಾಗಿ ಸೇವಾ ಒಪ್ಪಂದದ ಕರಡನ್ನ ಮುಂಗಡ ಕೊಡೋ ಮುಂಚೆನೇ ಕೇಳಿ ತಗೊಳ್ಳಿ. ಸೇವೆ ಕೊಡೋರು ಬಿಲ್ಡರೋ, ಬೇರೆ ಸಂಸ್ಥೆಯೋ? ಎಷ್ಟು ವರ್ಷಕ್ಕೆ? ಅವರು ಬಿಟ್ಟು ಹೋದರೆ ಇನ್ನೊಬ್ಬರನ್ನ ತರೋ ಅಧಿಕಾರ ಯಾರಿಗೆ, ಮಾಲೀಕರ ಸಂಘಕ್ಕಾ ಬಿಲ್ಡರ್‌ಗಾ? ಶುಲ್ಕ ವರ್ಷಕ್ಕೆ ಎಷ್ಟರವರೆಗೆ ಏರಿಸಬಹುದು? "ಮಾರುಕಟ್ಟೆ ದರದಂತೆ" ಅಂತ ಬರೆದಿದ್ದರೆ ಒಪ್ಪಬೇಡಿ, ಶೇಕಡಾವಾರು ಮಿತಿ ಹಾಕಿಸಿ. ಊಟದ ಹಾಲ್, ಆರೋಗ್ಯ ಕೇಂದ್ರದ ಕೋಣೆ ಸಾಮಾನ್ಯ ಸ್ವತ್ತಾ, ಇಲ್ಲಾ ಬಿಲ್ಡರ್ ಹೆಸರಲ್ಲೇ ಉಳಿದಿದೆಯಾ? ಬಿಲ್ಡರ್ ಹೆಸರಲ್ಲೇ ಇದ್ದರೆ ಸಂಘ ಬೇರೆ ಅಡುಗೆಯವರನ್ನ ತಂದರೂ ಒಲೆ ಹಚ್ಚೋಕೆ ಜಾಗ ಇರಲ್ಲ.

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಇಂಥ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಬಿಲ್ಡರ್, ಕೊಳ್ಳುವವರು, ಸೇವೆ ಕೊಡುವವರು ಮೂವರೂ ಒಂದೇ ಒಪ್ಪಂದಕ್ಕೆ ಸಹಿ ಹಾಕಬೇಕು ಅನ್ನೋದು ಅದರ ಮುಖ್ಯ ಸಲಹೆ. ಮಾದರಿ ಅಷ್ಟೇ, ಕಾನೂನಲ್ಲ. ಆದರೂ ಮುಂದಿಟ್ಟುಕೊಂಡು ಕೇಳೋಕೆ ಒಳ್ಳೆ ಆಧಾರ.

ಹೇಮಾವತಿ_ದಂಡೆ
ಇದರ ಜೊತೆಗೆ ರೇರಾ ನೋಡಿ, ಅಂದರೆ ಬಿಲ್ಡರ್‌ಗಳ ಮೇಲೆ ನಿಗಾ ಇಡೋ ರಿಯಲ್ ಎಸ್ಟೇಟ್ ಕಾಯ್ದೆ. 500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಮನೆ ಇದ್ದರೆ ನೋಂದಣಿ ಆಗಲೇಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ನಕ್ಷೆ, ಭೂಪರಿವರ್ತನೆ ಆದೇಶ, ಮುಗಿಸಬೇಕಾದ ದಿನಾಂಕ ಎಲ್ಲಾ ಸಿಗುತ್ತೆ. ನೋಂದಾಯಿತ ಮಾರಾಟ ಕರಾರು ಇಲ್ಲದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ತಗೊಳ್ಳೋ ಹಾಗಿಲ್ಲ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯಲ್ಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಬಿಲ್ಡರೇ ಸ್ವಂತ ಖರ್ಚಲ್ಲಿ ಸರಿಮಾಡಬೇಕು. ಫೋನಲ್ಲಿ ಹೇಳಿ ಸುಮ್ಮನಾಗಬೇಡಿ. ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್, ಜೊತೆಗೆ ಫೋಟೋ.

ಪಂಚಾಯಿತಿ ವ್ಯಾಪ್ತಿ ಅಂದಿರಿ. ಪಂಚಾಯಿತಿ ಆಸ್ತಿ ದಾಖಲೆಯ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ಬೇಕು. ಬರೀ 11ಬಿ ಇದ್ದರೆ ಸಾಲ ಸಿಗೋದೂ ಕಷ್ಟ, ಮುಂದೆ ಮಾರೋದೂ ಕಷ್ಟ.

ಬೇಲೂರು_ಬೀದಿ
ನೋಂದಣಿ ಶುಲ್ಕ ಈಗ ಶೇ. 1 ಅಲ್ಲ, 2. 2025ರ ಆಗಸ್ಟ್ 31ರಿಂದ ಜಾರಿ. ಹಳೇ ಲೆಕ್ಕ ಹಿಡ್ಕೊಂಡು ಹೋಗಬೇಡಿ.

ಕಾಫಿಹೂ
ಬಾಡಿಗೆದಾರರು ಸಿಗದಿದ್ದರೆ ವಾರಾಂತ್ಯಕ್ಕೆ ಹೋಂಸ್ಟೇ ಥರ ಬಿಡಬಹುದಲ್ವಾ? ಚಿಕ್ಕಮಗಳೂರಲ್ಲಿ ಶನಿವಾರ ಭಾನುವಾರ ರೂಮೇ ಸಿಗಲ್ಲ. ಎರಡು ರಾತ್ರಿಗೆ ಅರ್ಧ ತಿಂಗಳ ಬಾಡಿಗೆ ಬಂದುಬಿಡುತ್ತೆ.

ಕರಾರು_ಓದಿ
ಬೇಡ. ಸಂಘದ ಬೈಲಾದಲ್ಲಿ ಅಲ್ಪಾವಧಿ ಬಾಡಿಗೆ ನಿಷೇಧ ಸಾಮಾನ್ಯವಾಗಿ ಇರುತ್ತೆ, ಇಲ್ಲದಿದ್ದರೆ ಸೇರಿಸಬೇಕು. ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇದ್ದು ಅತಿಥಿಗಳನ್ನ ನೋಡಿಕೊಳ್ಳೋದು, ಅದಕ್ಕೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ಖಾಲಿ ಫ್ಲಾಟಿನ ಬೀಗದ ಕೈ ಕೊಟ್ಟು ಕಳಿಸೋದು ಹೋಂಸ್ಟೇ ಅಲ್ಲ. ರಾತ್ರಿ ಹನ್ನೊಂದಕ್ಕೆ ಮುಳ್ಳಯ್ಯನಗಿರಿ ಇಳಿದು ಬಂದ ಹುಡುಗರ ಗುಂಪು ಕಾರಿಡಾರ್‌ನಲ್ಲಿ ಓಡಾಡಿದರೆ, ಎಂಬತ್ತು ದಾಟಿದ ಪಕ್ಕದ ಮನೆಯ ಅಜ್ಜಿ ಹೆದರಿ ಬಾಗಿಲು ಹಾಕ್ಕೋತಾರೆ. ಅದು ತಪ್ಪು.

ಕಾಫಿಹೂ
ಸರಿ, ಒಪ್ಪಿದೆ. ಹಾಗಾದರೆ ವಯಸ್ಸಾದ ಬಾಡಿಗೆದಾರರ ಕರಾರಲ್ಲಿ ಏನಿರಬೇಕು, ಅದನ್ನ ಹೇಳಿ.

ಕರಾರು_ಓದಿ
ಇದು ಸಾಮಾನ್ಯ ಬಾಡಿಗೆ ಕರಾರಿನ ನಕಲು ಆಗಬಾರದು. ಗಂಡ ಹೆಂಡತಿ ಇದ್ದರೆ ಇಬ್ಬರ ಹೆಸರೂ ಬಾಡಿಗೆದಾರರು ಅಂತ ಇರಲಿ. ಯಜಮಾನರ ಹೆಸರು ಮಾತ್ರ ಹಾಕಿ, ಅವರು ತೀರಿಕೊಂಡರೆ ಆ ದುಃಖದಲ್ಲೂ ಅಮ್ಮ ಹೊಸ ಕರಾರಿಗೆ ಓಡಾಡಬೇಕಾಗುತ್ತೆ. ಅಡ್ವಾನ್ಸ್ ವಾಪಸ್ ಕೊಡೋ ಖಾತೆನೂ ಇಬ್ಬರದ್ದೇ ಆಗಿರಲಿ, "ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು" ಅನ್ನೋ ಬಗೆಯದ್ದು. ಒಬ್ಬರೇ ಇದ್ದರೆ ಅಡ್ವಾನ್ಸ್ ಯಾರಿಗೆ ಕೊಡಬೇಕು ಅಂತ ಹೆಸರು ಬರೆಸಿ ಸಹಿ ಹಾಕಿಸಿ. ಇಲ್ಲದಿದ್ದರೆ ಮೂವರು ಮಕ್ಕಳು ಮೂರು ಕಡೆಯಿಂದ ಫೋನ್ ಮಾಡ್ತಾರೆ, ನಿಮಗೆ ಯಾರ ಕೈಗೆ ಕೊಟ್ಟರೂ ತಕರಾರು.

ಕಾಯಿಲೆ ಬಿದ್ದು ಮಕ್ಕಳ ಮನೆಗೋ ಆಸ್ಪತ್ರೆಗೋ ಹೋಗಬೇಕಾದರೆ ಲಾಕಿನ್ ದಂಡ (ಅವಧಿಗೆ ಮುಂಚೆ ಬಿಟ್ಟರೆ ಹಾಕೋ ದಂಡ) ಇಲ್ಲ ಅಂತ ಬರೀರಿ. ಒಂದು ತಿಂಗಳ ನೋಟಿಸ್ ಸಾಕು. ಇಂಥ ಕಡೆ ಆರು ತಿಂಗಳ ಲಾಕಿನ್ ಇಟ್ಟರೆ ಒಳ್ಳೆ ಬಾಡಿಗೆದಾರರೇ ಬರಲ್ಲ. ರಾತ್ರಿ ನೋಡಿಕೊಳ್ಳೋ ಆಯಾ ಒಳಗೆ ಮಲಗಬಹುದಾ, ಹಿಡಿಕೆ ಕಂಬಿ ಹಾಕೋಕೆ ಗೋಡೆ ಕೊರೀಬಹುದಾ, ಕರೆಗಂಟೆಗೆ ಉತ್ತರ ಬರದಿದ್ದರೆ ಮ್ಯಾನೇಜರ್ ಬಾಗಿಲು ತೆಗೀಬಹುದಾ ಅನ್ನೋದಕ್ಕೆ ಮೊದಲೇ ಲಿಖಿತ ಒಪ್ಪಿಗೆ ಇರಲಿ. ಇನ್ನೊಂದು ಕೀಲಿಕೈ ಸೀಲ್ ಮಾಡಿದ ಕವರಿನಲ್ಲಿ ಕಚೇರಿಯಲ್ಲಿರಬೇಕು.

11 ತಿಂಗಳ ಕರಾರು ಅಂತ ಎಲ್ಲರೂ ಮಾಡೋದಕ್ಕೆ ಕಾರಣ, ಒಂದು ವರ್ಷ ಮೀರಿದ ಗುತ್ತಿಗೆ 1908ರ ನೋಂದಣಿ ಕಾಯ್ದೆ ಪ್ರಕಾರ ಕಡ್ಡಾಯ ನೋಂದಣಿ ಆಗಬೇಕು. ಹನ್ನೊಂದು ತಿಂಗಳದ್ದಕ್ಕೆ ನೋಂದಣಿ ಬೇಡ, ಛಾಪಾ ಕಾಗದ ಮಾತ್ರ ಬೇಕು.

ಅರಸೀಕೆರೆ_ಜಂಕ್ಷನ್
ಬೋಗ್ಯಕ್ಕೆ ಕೊಟ್ಟರೆ ಹೇಗೆ? ಹಿರಿಯರ ಹತ್ತಿರ ನಿವೃತ್ತಿ ದುಡ್ಡು ಇರುತ್ತೆ, ತಿಂಗಳ ಬಾಡಿಗೆ ಕಿರಿಕಿರಿ ಇರಲ್ಲ.

ಅಂಕಿಸಂಖ್ಯೆ
ಮಾಲೀಕರಿಗೆ ಸುಲಭ, ಬಾಡಿಗೆದಾರರಿಗೆ ಅಪಾಯ. ಆ ದುಡ್ಡು ಅವರ ಕಡೆಗಾಲದ ಔಷಧಿ ದುಡ್ಡು. ಮಾಲೀಕರು ಅದನ್ನ ಬೇರೆಡೆ ಹಾಕಿಬಿಟ್ಟರೆ, ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಕಂತು ನಿಂತರೆ, ಬ್ಯಾಂಕ್ ಬಂದು ಬಾಗಿಲಿಗೆ ನೋಟಿಸ್ ಅಂಟಿಸುತ್ತೆ. ಮಾಡಲೇಬೇಕಾದರೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಋಣ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಕರಾರನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಬಿಳಿ ಹಾಳೆ ಮೇಲೆ ಲಕ್ಷಗಟ್ಟಲೆ ಕೊಡಬಾರದು.

ತೇಗದ_ಮರ
ನಿರ್ವಹಣಾ ಶುಲ್ಕಕ್ಕೆ ಜಿಎಸ್‌ಟಿ ಬಗ್ಗೆ ಯಾರೂ ಹೇಳಲಿಲ್ಲ. ತಿಂಗಳಿಗೆ 7,500ರವರೆಗೆ ತೆರಿಗೆ ಇಲ್ಲ, ಹಾಗಾಗಿ 4,000ಕ್ಕೆ ಚಿಂತೆ ಇಲ್ಲ.

ಅಂಕಿಸಂಖ್ಯೆ
ಪೂರ್ತಿ ಸರಿಯಲ್ಲ. ಆ 7,500ರ ವಿನಾಯಿತಿ ನಿವಾಸಿಗಳ ಸಂಘ ತನ್ನ ಸದಸ್ಯರಿಂದ ತಗೊಳ್ಳೋ ಶುಲ್ಕಕ್ಕೆ. ಲಾಭಕ್ಕೆ ನಡೆಸೋ ಖಾಸಗಿ ಸೇವಾ ಸಂಸ್ಥೆ ತನ್ನ ಹೆಸರಲ್ಲೇ ಬಿಲ್ ಹಾಕಿದರೆ ಮೊದಲ ರೂಪಾಯಿಯಿಂದಲೇ ಶೇ. 18. ನನ್ನ ಲೆಕ್ಕದ 4,000 ಆಗ 4,720 ಆಗುತ್ತೆ. ಹಿರಿಯರ ಸಮುಚ್ಚಯಗಳಲ್ಲಿ ಬಹುತೇಕ ಸಂಸ್ಥೆಯೇ ಬಿಲ್ ಹಾಕೋದು, ಅದಕ್ಕೇ ಹಳೇ ಬಿಲ್ಲಿನ ಪ್ರತಿ ಕೇಳಿ. ವಾಸಕ್ಕೆ ಅಂತ ಸಾಮಾನ್ಯ ಬಾಡಿಗೆದಾರರಿಗೆ ಕೊಟ್ಟ ಮನೆ ಬಾಡಿಗೆಗೆ ಮಾತ್ರ ಜಿಎಸ್‌ಟಿ ಇಲ್ಲ.

ಶುಲ್ಕವನ್ನ ಬಾಡಿಗೆದಾರರು ನೇರವಾಗಿ ಸಂಸ್ಥೆಗೆ ಕಟ್ಟಲಿ. ನಿಮ್ಮ ಖಾತೆಗೆ 18,000 ಒಟ್ಟಿಗೆ ಬಂದರೆ ಆದಾಯ ತೆರಿಗೆಯವರ ಕಣ್ಣಿಗೆ ಅಷ್ಟೂ ಬಾಡಿಗೆನೇ. ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯ ಕಳೆದು, ಉಳಿದದ್ದಕ್ಕೆ ಶೇ. 30 ರಿಪೇರಿ ಬಾಬ್ತು ವಿನಾಯಿತಿ ಸಿಗುತ್ತೆ. ಖರ್ಚು ಅದಕ್ಕಿಂತ ಜಾಸ್ತಿ ಆದರೂ ಅಷ್ಟೇ, ಕಡಿಮೆ ಆದರೂ ಅಷ್ಟೇ.

ಬೇಲೂರು_ಬೀದಿ
ಮನೆ ಅಮೆರಿಕದಲ್ಲಿರೋ ಮಗನ ಹೆಸರಲ್ಲಿದ್ದರೆ?

ಅಂಕಿಸಂಖ್ಯೆ
ಮಾಲೀಕರು ಅನಿವಾಸಿ ಆದರೆ ಬಾಡಿಗೆ ಎಷ್ಟೇ ಚಿಕ್ಕದಿರಲಿ, ಬಾಡಿಗೆದಾರರು ಮೂಲದಲ್ಲೇ ಶೇ. 31.2 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಅದಕ್ಕೆ ಟ್ಯಾನ್ (ತೆರಿಗೆ ಹಿಡಿಯೋರಿಗೆ ಇಲಾಖೆ ಕೊಡೋ) ಸಂಖ್ಯೆ ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಎಪ್ಪತ್ತೈದರ ಪಿಂಚಣಿದಾರರಿಗೆ ಇದು ದೊಡ್ಡ ತಲೆನೋವು. ತಾಯಿ ಅಥವಾ ತಂದೆ ಹೆಸರಲ್ಲಿ ಮನೆ ಇದ್ದು, ಅವರು ಇಲ್ಲೇ ಇದ್ದರೆ ತಿಂಗಳಿಗೆ 50,000 ಮೀರದ ಬಾಡಿಗೆಗೆ ಬಾಡಿಗೆದಾರರು ಏನೂ ಹಿಡಿಯಬೇಕಿಲ್ಲ. ಮಗನೇ ಮಾಲೀಕನಾದರೆ, ಕಡಿಮೆ ದರದ ಕಡಿತಕ್ಕೆ ಅವನು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬೇಕು. ಬಾಡಿಗೆ ಸಾಮಾನ್ಯವಾಗಿ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳ ಇಲ್ಲಿನ ಆದಾಯದ ಖಾತೆ) ಹೋಗುತ್ತೆ.

ಟೇಪು_ಮಟ್ಟಗೋಲು
ಎಲ್ಲರೂ ಕಾಗದ ನೋಡ್ತಿದ್ದೀರಿ, ಮನೆ ನೋಡೋಕೆ ಟೇಪು ತಗೊಂಡು ಹೋಗಿ. ಬಚ್ಚಲುಮನೆ ಬಾಗಿಲು ಒಳಕ್ಕೆ ತೆರೆದರೆ ಬೇಡ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಆಗುತ್ತೆ, ಹೊರಗಿನವರು ತಳ್ಳೋಕೆ ಆಗಲ್ಲ. ಹೊರಕ್ಕೆ ತೆರೀಬೇಕು ಅಥವಾ ಜಾರುಬಾಗಿಲು ಇರಬೇಕು. ಚಿಲಕ ಹೊರಗಿಂದ ನಾಣ್ಯ ಹಾಕಿ ತಿರುಗಿಸೋ ಥರದ್ದು ಬೇಕು. ಬಾಗಿಲ ಅಗಲ 90 ಸೆಂ.ಮೀ., ಗಾಲಿಕುರ್ಚಿ ತಿರುಗೋಕೆ ಒಳಗೆ ಒಂದೂವರೆ ಮೀಟರ್ ಜಾಗ. ಕಮೋಡ್ ಎತ್ತರ 45ರಿಂದ 48 ಸೆಂ.ಮೀ.

ಇಳಿಜಾರು 1ಕ್ಕೆ 12. ಮೂರು ಮೆಟ್ಟಿಲು ಅಂದರೆ 45 ಸೆಂ.ಮೀ., ಅದಕ್ಕೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ಎರಡು ಮೀಟರಲ್ಲಿ ಮುಗಿಸಿದ್ದರೆ ಅದು ಸ್ಕೂಟರ್ ಹತ್ತಿಸೋಕೆ ಮಾತ್ರ ಸರಿ. ಮಹಡಿ ಮನೆ ಆದರೆ ಲಿಫ್ಟ್ ಒಳಗೆ ಅಳತೆ ಹಿಡೀರಿ. ಸ್ಟ್ರೆಚರ್ ಸುಮಾರು ಎರಡು ಮೀಟರ್ ಉದ್ದ, ಆರು ಜನರ ಲಿಫ್ಟ್‌ನಲ್ಲಿ ಮಲಗಿಸಿಕೊಂಡು ಇಳಿಸೋಕೆ ಆಗಲ್ಲ.

ಹಿರೇಕೊಳಲೆ_ಗಾಳಿ
ಹಿಡಿಕೆ ಕಂಬಿ ಆಮೇಲೆ ಹಾಕಿಸಿಕೊಳ್ಳಬಹುದು ಅಲ್ವಾ? ಅಂಗಡಿಯಲ್ಲಿ ಸಿಗುತ್ತೆ.

ಟೇಪು_ಮಟ್ಟಗೋಲು
ಸಿಗುತ್ತೆ. ಆದರೆ ಹೊಸ ಕಟ್ಟಡಗಳಲ್ಲಿ ಹಗುರ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರೋ ಕಾಂಕ್ರೀಟ್ ಇಟ್ಟಿಗೆ) ಗೋಡೆ. ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಟವೆಲ್ ಕಂಬಿಗೆ ನಿಲ್ಲುತ್ತೆ, 70 ಕೆ.ಜಿ. ಮನುಷ್ಯ ಜಾರುವಾಗ ಜಗ್ಗಿದರೆ ಬ್ಲಾಕ್ ಪುಡಿಯಾಗಿ ಕಂಬಿ ಸಮೇತ ಬೀಳ್ತಾರೆ. ಎಎಸಿಗೆ ರಾಸಾಯನಿಕ ಆಂಕರ್ ಹಾಕಬೇಕು, ಇಲ್ಲಾ ಆರಪಾರು ಬೋಲ್ಟ್ ಹಾಕಿ ಆಚೆ ಬದಿ ಉಕ್ಕಿನ ಪಟ್ಟಿ ಕೊಡಬೇಕು. ಕಂಬಿ ದಪ್ಪ 32ರಿಂದ 38 ಮಿ.ಮೀ., ಗೋಡೆಯಿಂದ ನಾಲ್ಕು ಸೆಂ.ಮೀ. ದೂರ. ಜಾಸ್ತಿ ದೂರ ಇದ್ದರೆ ಮೊಣಕೈ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತೆ. ಹೀರುಬಟ್ಟಲಿನಿಂದ ಅಂಟಿಸೋ ಕಂಬಿ ಮಾತ್ರ ಯಾವ ಕಾರಣಕ್ಕೂ ಬೇಡ.

ಕರೆಗಂಟೆ ಗುಂಡಿ ಗೋಡೆಯಲ್ಲಿ ನಾಲ್ಕಡಿ ಮೇಲಿದ್ದರೆ ಬಿದ್ದವರಿಗೆ ಎಟುಕಲ್ಲ. ನೆಲದಿಂದ ಗೇಣುದ್ದ ಮೇಲಿನವರೆಗೆ ದಾರ ಇಳಿಬಿಟ್ಟಿರಬೇಕು.

ದೀಪದ_ಕಂಬ
ಕರೆಂಟಿನ ವಿಷಯ. ಹಾಸನ ಸೆಸ್ಕ್ ವಿದ್ಯುತ್ ಕಂಪನಿಗೆ ಬರುತ್ತೆ, ಚಿಕ್ಕಮಗಳೂರು ಮೆಸ್ಕಾಂಗೆ. ಎರಡರಲ್ಲೂ ಕೇಳಬೇಕಾದ್ದು ಒಂದೇ: ನಿಮ್ಮ ಮನೆಗೆ ಪ್ರತ್ಯೇಕ ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಸಂಖ್ಯೆ) ಇದೆಯಾ? ಇದ್ದರೆ ಬಾಡಿಗೆದಾರರು ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಖಾಲಿ ಮಾಡಿ ಹೋಗುವಾಗ ಅವರ ಆಧಾರ್ ಜೋಡಣೆ ರದ್ದು ಮಾಡಿಸಿ, ಇಲ್ಲದಿದ್ದರೆ ಮುಂದಿನವರ ಅರ್ಜಿ ನಿಲ್ಲುತ್ತೆ.

ಆಮ್ಲಜನಕ ಯಂತ್ರ ಬಳಸೋರು ಬಂದರೆ ಇನ್ವರ್ಟರ್ ಲೆಕ್ಕ ಬೇರೆ. ಐದು ಲೀಟರ್ ಯಂತ್ರ ಸುಮಾರು 350 ವಾಟ್ ಎಳೆಯುತ್ತೆ. 12 ವೋಲ್ಟಿನ 150 ಎಎಚ್ ಬ್ಯಾಟರಿ ಒಂದಿದ್ದರೆ ಮೂರು ಗಂಟೆ ಚಿಲ್ಲರೆ, ಹಳೇದಾದರೆ ಎರಡು ಗಂಟೆನೂ ಕಷ್ಟ. ಸೈನ್ ವೇವ್ ಇನ್ವರ್ಟರೇ ಬೇಕು. ಜೂನ್-ಜುಲೈಯಲ್ಲಿ ಮಲೆನಾಡ ಕಡೆ ಮರ ಬಿದ್ದು ಲೈನ್ ಹೋದರೆ ಮೂರು ಗಂಟೆಯಲ್ಲಿ ಬರಲ್ಲ. ಸಮುಚ್ಚಯದ ಜನರೇಟರ್ ಮನೆಯೊಳಗಿನ ಪ್ಲಗ್ಗಿಗೂ ಕರೆಂಟು ಕೊಡುತ್ತಾ, ಬರೀ ಲಿಫ್ಟ್ ಮತ್ತು ಕಾರಿಡಾರಿಗಾ ಅಂತ ಕೇಳಿ.

ಗ್ಯಾಸ್ ಗೀಸರ್ ಬಚ್ಚಲುಮನೆ ಒಳಗಿದ್ದರೆ ತೆಗೆಸಿಬಿಡಿ. ಚಳಿಗೆ ಕಿಟಕಿ ಮುಚ್ಚಿ ಸ್ನಾನ ಮಾಡ್ತಾರೆ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಮಲ್ಲಂದೂರು_ಮಳೆ
ಖಾಲಿ ಮನೆಗೆ ಬರೋಣ. ಮಳೆಗಾಲದಲ್ಲಿ ಮುಚ್ಚಿಟ್ಟ ಮನೆ ಹಾಳಾಗೋದು ಸೋರಿಕೆಯಿಂದ ಅಷ್ಟೇ ಅಲ್ಲ, ಗಾಳಿ ಆಡದೆ. ಹೊರಗೋಡೆಗೆ ಒತ್ತಿಸಿ ವಾರ್ಡ್‌ರೋಬ್ ಮಾಡಿಸಿದ್ದರೆ ಅದರ ಬೆನ್ನಲ್ಲಿ ಬೂಷ್ಟು ಶುರು. ಎರಡು ಇಂಚು ಬಿಟ್ಟು ನಿಲ್ಲಿಸಿ, ಇಲ್ಲಾ ಒಳಗೋಡೆಗೆ ಹಾಕಿಸಿ. ಬೀಗ ಹಾಕೋ ದಿನ ವಾರ್ಡ್‌ರೋಬ್, ಅಡುಗೆಮನೆ ಕಪಾಟಿನ ಬಾಗಿಲೆಲ್ಲಾ ತೆರೆದಿಡಿ. ಫ್ರಿಜ್ ಆರಿಸಿ ಒರೆಸಿ, ಬಾಗಿಲ ಸಂದಿಗೆ ಬಟ್ಟೆ ಮಡಚಿಟ್ಟು ಅರೆ ತೆರೆದಿರೋ ಹಾಗೆ ಬಿಡಿ. ಹಾಸಿಗೆಯನ್ನ ಗೋಡೆಗೆ ಒರಗಿಸಬೇಡಿ, ಮಂಚದ ಮೇಲೇ ಓರೆಯಾಗಿ ಎತ್ತಿ ನಿಲ್ಲಿಸಿ.

ಬಾಗಿಲು ತೆಗೆದ ತಕ್ಷಣ ಚರಂಡಿ ವಾಸನೆ ಬಂದರೆ ಪ್ಲಂಬರ್‌ನ ಕರೀಬೇಡಿ. ಬಚ್ಚಲ ಜಾಲರಿ ಕೆಳಗಿನ ಟ್ರ್ಯಾಪಿನಲ್ಲಿ ನಿಂತ ನೀರು ಆರಿಹೋಗಿರುತ್ತೆ, ಆ ದಾರಿಯಲ್ಲೇ ಜಿರಲೆನೂ ಬರುತ್ತೆ. ಬೀಗ ಹಾಕುವಾಗ ಪ್ರತಿ ಟ್ರ್ಯಾಪಿಗೂ ಒಂದು ಚೊಂಬು ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಪೊರೆ ಇದ್ದರೆ ನೀರು ಬೇಗ ಆರಲ್ಲ.

ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕಿಟಕಿ ತೆಗೆಸಿ, ನಲ್ಲಿ ಬಿಡಿಸಿ, ಫ್ಲಶ್ ಮಾಡಿಸಿ. ಶುಲ್ಕ ಕೊಡ್ತೀರಲ್ಲ, ಈ ಕೆಲಸ ಸೇವಾ ಒಪ್ಪಂದದಲ್ಲಿ ಬರೆಸಿಕೊಳ್ಳಿ.

ತೇಗದ_ಮರ
ಚಿಕ್ಕಮಗಳೂರು ಅಂದ ತಕ್ಷಣ ಒಂದೇ ಮಳೆ ಅಲ್ಲ ಕಣ್ರೀ. ಕಡೂರು ರಸ್ತೆ ಕಡೆ ಹೋದಷ್ಟೂ ಒಣ, ಅಲ್ಲಿ ನೀರಿನ ಚಿಂತೆ. ಮಲ್ಲಂದೂರು, ಮೂಡಿಗೆರೆ ಕಡೆ ಹೋದರೆ ಬೂಷ್ಟಿನ ಚಿಂತೆ. ಹಾಸನದಲ್ಲೂ ಹಾಗೇ, ಅರಸೀಕೆರೆ ಬೇರೆ ಲೋಕ, ಸಕಲೇಶಪುರ ಬೇರೆ ಲೋಕ. ಸಾಲಗಾಮೆಯವರು ನೋಡಿರೋ ಕಡೂರು ರಸ್ತೆ ಜಾಗಕ್ಕೆ ಬೋರ್‌ವೆಲ್ ಎಷ್ಟಿದೆ, ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸ್ತಾರಾ, ಆ ಖರ್ಚು ಯಾರ ಮೇಲೆ ಅಂತ ಕೇಳಬೇಕು.

ಅರಸೀಕೆರೆ_ಜಂಕ್ಷನ್
ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಭಾಗ ಆದರೆ ಆನೆ ಓಡಾಟನೂ ಲೆಕ್ಕಕ್ಕೆ ಬರಬೇಕು. ಹಿರಿಯರು ಐದೂವರೆಗೇ ವಾಕಿಂಗ್ ಹೊರಡ್ತಾರೆ. ಬೇಲಿಯ ಒಳಗೇ ನಡೆಯೋ ದಾರಿ ಇದೆಯಾ ನೋಡಿ.

ಹೇಮಾವತಿ_ದಂಡೆ
ಆಸ್ಪತ್ರೆ ದೂರವನ್ನ ಕಿಲೋಮೀಟರಲ್ಲಿ ಅಳೀಬೇಡಿ, ನಿಮಿಷದಲ್ಲಿ ಅಳೀರಿ. ಪಾರ್ಶ್ವವಾಯು ಆದರೆ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಆಗಬೇಕು, ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಹಾಸನದಲ್ಲಿ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಇದೆ, ಚಿಕ್ಕಮಗಳೂರಲ್ಲೂ ವೈದ್ಯಕೀಯ ಕಾಲೇಜು ಬಂದಿದೆ. ಹೃದಯದ ದೊಡ್ಡ ಚಿಕಿತ್ಸೆಗೆ ಮೈಸೂರಿನ ಜಯದೇವಕ್ಕೆ ಅಂತ ಹೊರಟರೆ ಹಾಸನದಿಂದ ನೂರು ಕಿ.ಮೀ. ಮೇಲೆ. ಸಮುಚ್ಚಯದವರು "ಆಸ್ಪತ್ರೆ ಜೊತೆ ಒಪ್ಪಂದ ಇದೆ" ಅಂದರೆ ಆ ಪತ್ರ ತೋರಿಸಿ ಅನ್ನಿ. ಆಂಬ್ಯುಲೆನ್ಸ್ ಅಂದರೆ ರಾತ್ರಿ ಡ್ರೈವರ್ ಒಳಗೇ ಮಲಗ್ತಾನಾ, ಊರಿಂದ ಬರಬೇಕಾ ಅಂತ ಕೇಳಿ.

ಸಾಲಗಾಮೆ_ರಸ್ತೆ
ತುಂಬಾ ಉಪಕಾರ ಆಯ್ತು. ಸೇವಾ ಒಪ್ಪಂದದ ಕರಡು ಕೇಳಿದ್ದಕ್ಕೆ ಹಾಸನದವರು ಕಳಿಸಿದ್ದಾರೆ, ಇನ್ನೊಂದು ಕಡೆಯವರು "ಬುಕ್ಕಿಂಗ್ ಆದ ಮೇಲೆ" ಅಂದಿದ್ದಾರೆ. ಹಾಸನದ ಕರಡಿನಲ್ಲಿ ಒಂದು ಕಲಮು ಇದೆ: ಮನೆ ಬಾಡಿಗೆಗೆ ಕೊಡೋದಾದರೆ ಸಂಸ್ಥೆಯ ಮೂಲಕವೇ, ಒಂದು ತಿಂಗಳ ಬಾಡಿಗೆ ಅವರಿಗೆ. ಇದು ಒಪ್ಪಬಹುದಾ?

ಕರಾರು_ಓದಿ
ಮೊದಲು ಹೇಳಬೇಕಾದ್ದು: ಬುಕ್ಕಿಂಗ್ ಆದ ಮೇಲೆ ಅನ್ನೋರನ್ನ ಬಿಟ್ಟುಬಿಡಿ. ಇನ್ನು ಹಾಸನದ ಕಲಮಿನ ಬಗ್ಗೆ: ಸಂಸ್ಥೆ ಬಾಡಿಗೆದಾರರ ವಯಸ್ಸು, ಆರೋಗ್ಯ ನೋಡಿ ಒಪ್ಪಿಗೆ ಕೊಡೋದು ನ್ಯಾಯ. ಆದರೆ ಅವರ ಮೂಲಕವೇ ಅನ್ನೋದಕ್ಕೆ ಗಡುವು ಹಾಕಿಸಿ. 45 ದಿನದಲ್ಲಿ ಅವರು ಜನ ತರದಿದ್ದರೆ ನಾವೇ ತರಬಹುದು, ಆಗ ಕಮಿಷನ್ ಇಲ್ಲ, ವಯಸ್ಸಿನ ನಿಯಮಕ್ಕೆ ಸರಿಹೊಂದಿದವರನ್ನ ಅವರು ಕಾರಣ ಬರೆದು ಕೊಡದೆ ತಿರಸ್ಕರಿಸೋ ಹಾಗಿಲ್ಲ ಅಂತ. ಒಂದು ತಿಂಗಳ ಬಾಡಿಗೆ ಹೊಸಬರು ಬಂದಾಗ ಮಾತ್ರ. ಅದೇ ಬಾಡಿಗೆದಾರರ ಕರಾರು 11 ತಿಂಗಳಿಗೊಮ್ಮೆ ನವೀಕರಿಸುವಾಗ ಮತ್ತೆ ಕೇಳಬಾರದು. ಇದನ್ನ ಬರೆಸದಿದ್ದರೆ ಅಂಕಿಸಂಖ್ಯೆಯವರ ಎರಡೂವರೆ ಇನ್ನೂ ಇಳಿಯುತ್ತೆ.

ಅಂಕಿಸಂಖ್ಯೆ
1,13,000ದಲ್ಲಿ 14,000 ಹೋದರೆ 99,000. ಶೇ. 2.2.

ಮಲ್ಲಂದೂರು_ಮಳೆ
ಕೊಳ್ಳೋ ಮುಂಚೆ ಅಲ್ಲೇ ಒಂದು ಮನೆ ಜುಲೈ ತಿಂಗಳಿಗೆ ಬಾಡಿಗೆಗೆ ಕೇಳಿ. ಬಹಳ ಕಡೆ ಅತಿಥಿ ಮನೆ ಅಂತ ಇಟ್ಟಿರ್ತಾರೆ. ಜನವರಿ ಬಿಸಿಲಲ್ಲಿ ಎಲ್ಲಾ ಗೋಡೆನೂ ಬೆಳ್ಳಗೇ ಇರುತ್ತೆ.

ಟೇಪು_ಮಟ್ಟಗೋಲು
ಹಾಗೆ ಇದ್ದಾಗ ಮ್ಯಾನೇಜರ್‌ಗೆ ಮೊದಲೇ ಹೇಳಿ ಅನುಮತಿ ತಗೊಂಡು, ಯಾವ ದಿನ ಅಂತ ಹೇಳದೆ ರಾತ್ರಿ ಎರಡು ಗಂಟೆಗೆ ಒಮ್ಮೆ ಕರೆಗಂಟೆ ದಾರ ಎಳೀರಿ. ಬಾಗಿಲಿಗೆ ಎಷ್ಟು ನಿಮಿಷಕ್ಕೆ ಬಂದರು, ಬಂದದ್ದು ನರ್ಸಾ ವಾಚ್‌ಮ್ಯಾನಾ ಬರೆದಿಟ್ಟುಕೊಳ್ಳಿ. ಮಾರನೇ ದಿನ ಕರೆ ದಾಖಲೆ ಪುಸ್ತಕದಲ್ಲಿ ಆ ಕರೆ ಏರಿದೆಯಾ ನೋಡಿ.

ಕಾಫಿಹೂ
ಊಟದ ಪಟ್ಟಿನೂ ನೋಡಿ. ಮುದ್ದೆ ವಾರಕ್ಕೆ ಎಷ್ಟು ದಿನ, ಉಪ್ಪು ಕಡಿಮೆ ಇರೋ ಸಾರು ಬೇರೆ ಪಾತ್ರೆಯಲ್ಲಿ ಮಾಡ್ತಾರಾ, ರಾತ್ರಿ ಊಟ ಏಳೂವರೆಗೇ ಮುಗಿಯುತ್ತಾ, ಹಾಲ್‌ಗೆ ಬರೋಕೆ ಆಗದವರಿಗೆ ಮನೆಗೆ ತಂದುಕೊಡೋಕೆ ಬೇರೆ ದುಡ್ಡಾ. ಸಕ್ಕರೆ ಕಾಯಿಲೆ ಇರೋರು ಬಾಡಿಗೆಗೆ ಬಂದಾಗ ಮೊದಲು ಕೇಳೋದೇ ಇದನ್ನ.